ಊರಿಗೆ ಬರಲಿಕ್ಕೆ ಮುಖ ಇಲ್ಲ ಅಂದ್ಯಲ್ಲ

ಕೂಸೇ,

ನಿನ್ನ ಪತ್ರ ಓದ್ದೆ. ಆ್ಯಪು, ವೆಬ್‌ಸೈಟು ಜನರಿಗೆ ಸುಲಭ ಆಗೋ ಹಾಗೆ ರೂಪಿಸೋ ಯೂಸರ್ ಎಕ್ಸ್‌ಪೀರಿಯೆನ್ಸ್ ಡಿಸೈನ್ ಕೆಲಸ ಹುಡುಕ್ತಾ ಇದ್ದೀಯಲ್ಲ. ಇಂಟರ್‌ವ್ಯೂಗೆ ಕರೀಲಿಲ್ಲ, ಮೇಲ್ ಹಾಕಿದ್ರೆ ಉತ್ತರ ಇಲ್ಲ, ಫ್ರೆಶರ್ ಅಂತ ಹಾಕಿದ ಕೆಲಸಕ್ಕೂ ಎರಡು ವರ್ಷ ಎಕ್ಸ್‌ಪೀರಿಯೆನ್ಸ್ ಕೇಳ್ತಾರೆ, ಇದೆಲ್ಲ ಓದಿ ಬೇಜಾರಾದ್ರೂ ತಡ್ಕೊಂಡೆ. ಕಡೆಗೆ "ಚೌತಿಗೆ ಬರೋದಿಲ್ಲ ಅತ್ತೆ, ಊರಿಗೆ ಬರಲಿಕ್ಕೆ ಮುಖ ಇಲ್ಲ" ಅಂತ ಬರೆದಿದ್ದೀಯಲ್ಲ, ಅದಕ್ಕೆ ರಾತ್ರಿ ನಿದ್ದೆ ಹತ್ತಲಿಲ್ಲ.

ನಾನು ಹುಬ್ಬಳ್ಳಿಯಿಂದ ವಾಪಸ್ ಬಂದಾಗ ನೀ ಹುಟ್ಟಿರಲಿಲ್ಲ. ಪ್ರೆಸ್ಸಲ್ಲಿ ಲಗ್ನಪತ್ರಿಕೆ, ಬೋರ್ಡಿನ ಅಕ್ಷರ ಕೈಯಲ್ಲಿ ಬರೆಯೋ ಕೆಲಸ, ಕಂಪ್ಯೂಟರ್ ಬಂತು, ನಾಳೆಯಿಂದ ಬೇಡ ಅಂದ್ರು. ಮಳೆಗಾಲ ಅದು. ಶಿರಸಿ ಬಸ್‌ಸ್ಟ್ಯಾಂಡಲ್ಲಿ ಇಳಿದು, ಯಾರಾದ್ರೂ "ಯಾವಾಗ ಬಂದೆ, ಎಷ್ಟು ದಿನ ರಜೆ" ಕೇಳ್ತಾರೆ ಅಂತ ಕೊಡೆ ಮುಖಕ್ಕೆ ಅಡ್ಡ ಹಿಡ್ಕೊಂಡು ಮನೆ ಸೇರ್ದೆ. ಮುಂದಿನ ಮಾರಿ ಜಾತ್ರೆಗೂ ಹೋಗಲಿಲ್ಲ. ಜನ ಒಂದಿನ ಕೇಳಿದ್ರು, ಮರುದಿನ ಅಡಿಕೆ ರೇಟಿನ ಮಾತಿಗೆ ಹೋದ್ರು. ನಾನು ಮಾತ್ರ ಬ್ರಷ್ಷು ಬಣ್ಣ ಎಲ್ಲ ಅಟ್ಟಕ್ಕೆ ಹಾಕಿದ್ದು ಮತ್ತೆ ಇಳಿಸಲಿಲ್ಲ, ಅದೊಂದು ಈಗ್ಲೂ ಹೊಟ್ಟೆಯಲ್ಲಿ ಉಳಿದಿದೆ ಮಾರಾಯ್ತಿ.

ಆಮೇಲೆ ಸೊಸೈಟಿ ಕೌಂಟರಲ್ಲಿ ಕೂತೆ. ಹಣ ತೆಗೆಯೋ ಚೀಟಿಯಲ್ಲಿ ಸಹಿಯ ಗೆರೆ ತಾರೀಖಿನ ಗೆರೆ ಎರಡೂ ಒತ್ತಿಕೊಂಡು ಇರ್ತಿತ್ತು, ವಯಸ್ಸಾದವರು ತಾರೀಖಿನ ಜಾಗದಲ್ಲೇ ಸಹಿ ಹಾಕಿ, ಚೀಟಿ ಹರಿದು, ಮತ್ತೆ ಸಾಲಲ್ಲಿ ನಿಂತು, "ನಂಗೆ ತಲೆ ಇಲ್ಲ ತಂಗಿ" ಅಂತ ತಮ್ಮನ್ನೇ ಬೈಕೊಳ್ಳೋರು. ನಾನು ಸಹಿ ಹಾಕೋ ಜಾಗಕ್ಕೆ ಪೆನ್ಸಿಲ್ಲಲ್ಲಿ ಇಂಟು ಮಾರ್ಕ್ ಹಾಕಿ ಕೊಡ್ತಿದ್ದೆ. ಇಂಥ ತಪ್ಪು ಬಳಸೋರದ್ದಲ್ಲ, ಹಾಗೆ ರೂಪಿಸಿದವರದ್ದು ಅಂತ ಡಾನ್ ನಾರ್ಮನ್ ಅನ್ನೋರು ಹೇಳ್ತಾರೆ ಅಂತ ನೀನೇ ಫೋನಲ್ಲಿ ಹೇಳಿದ್ದೆ. ಅವರು ಸೈಕಾಲಜಿ ಪ್ರೊಫೆಸರ್ ಆಗಿದ್ದವರು, 1993ರಲ್ಲಿ ಆ್ಯಪಲ್ ಸೇರ್ಕೊಂಡು ಈ ಯೂಸರ್ ಎಕ್ಸ್‌ಪೀರಿಯೆನ್ಸ್ ಅನ್ನೋ ಹೆಸರನ್ನ ಹುದ್ದೆಗೆ ಇಟ್ಕೊಂಡ್ರು ಅಂತಲೂ ಹೇಳಿದ್ದೆ. ಹಾಗಿದ್ಮೇಲೆ ಬಿಕಾಂ ಮಾಡಿದವಳಿಗೆ ಈ ಕೆಲಸದಲ್ಲಿ ಜಾಗ ಇಲ್ಲ ಅಂತ ಯಾಕೆ ಅಂದ್ಕೊಳ್ತೀಯ? ನೀನೂ ಈಗ ಆ ಅಜ್ಜಂದಿರ ಹಾಗೇ ನಿನ್ನನ್ನೇ ಬೈಕೊಳ್ತಿದ್ದೀಯ.

ನಿನ್ನ ಕೆಲಸದ ಮಾದರಿ ಜೋಡಿಸಿಟ್ಟ ಪೋರ್ಟ್‌ಫೋಲಿಯೋ ಬಗ್ಗೆ ನಾ ಹೇಳೋದು ಎಷ್ಟು ಸರಿಯೋ. ನೀ ಕಳಿಸಿದ ಊಟ ತರಿಸೋ ಆ್ಯಪ್ ಚಂದ ಇದೆ, ಆದ್ರೆ ಅದ್ರಲ್ಲಿ ಯಾರಿಗೆ ಏನು ಕಷ್ಟ ಆಗ್ತಿತ್ತು ಅಂತ ನಂಗೆ ಕಾಣಲಿಲ್ಲ. ಫಿಗ್ಮಾ ಅನ್ನೋ ಡಿಸೈನ್ ಸಾಫ್ಟ್‌ವೇರ್ ಕಲಿತ ಎಲ್ಲರೂ ಅದನ್ನೇ ಮಾಡಿಟ್ಟಿದ್ದಾರೆ ಅಂತ ನೀನೇ ಬರ್ದಿದ್ದೀ. ಇಲ್ಲಿ ವಾಟ್ಸಾಪಲ್ಲಿ ದಿನಾ ಅಡಿಕೆ ದರದ ಪಟ್ಟಿ ಬರ್ತದಲ್ಲ, ಚಾಲಿ, ರಾಶಿ, ಬೆಟ್ಟೆ ಎಲ್ಲ ಒಂದೇ ಫೋಟೋದಲ್ಲಿ, ಅಜ್ಜ ಅದನ್ನ ಬೆರಳಲ್ಲಿ ಎಳೆದು ದೊಡ್ಡ ಮಾಡಿದ್ರೆ ಅಡಿಕೆ ಹೆಸರು ಪಕ್ಕಕ್ಕೆ ಹೋಗಿ ಬರೀ ಅಂಕಿ ಉಳೀತದೆ, ಯಾವುದರ ದರ ಅಂತ ನನ್ನ ಕೇಳ್ತಾರೆ. ಅದನ್ನ ಸರಿ ಮಾಡು. ಮೊದಲು ಹೇಗಿತ್ತು, ಎಲ್ಲಿ ತಡವರಿಸಿದ್ರು, ನೀ ಏನು ಬದಲಿಸಿದೆ, ಬದಲಿಸಿದ್ದು ಕೆಲಸ ಮಾಡ್ತೋ ಇಲ್ವೋ, ಎಲ್ಲ ಬರೆದಿಡು. ಜೇಕಬ್ ನೀಲ್ಸನ್ ಅಂತ, ಬಳಸೋರ ಕಷ್ಟಗಳನ್ನ ಅಧ್ಯಯನ ಮಾಡಿದ ತಜ್ಞರು 2000ದಲ್ಲೇ ಬರೆದಿದ್ದಾರಂತೆ, 5 ಜನರ ಕೈಗೆ ಕೊಟ್ಟು ನೋಡಿದ್ರೆ ಇರೋ ತೊಂದರೆಗಳಲ್ಲಿ ಹೆಚ್ಚಿನವು ಸಿಕ್ಕಿಬೀಳ್ತವೆ ಅಂತ. 5 ಜನ ನಮ್ಮ ಜಗಲಿಯಲ್ಲೇ ಸಿಗ್ತಾರೆ.

ಮತ್ತೆ, ಕಸ್ಟಮರ್ ಸಪೋರ್ಟೋ ಟೆಸ್ಟಿಂಗೋ ಸಿಕ್ರೆ ಬೇಡ ಅನ್ಬೇಡ, ಜನರ ಗೋಳು ಮೊದಲು ಕೇಳೋದು ಅಲ್ಲೇ. ಇಷ್ಟೇ ನಂಗೆ ತೋಚಿದ್ದು, ನಿಂಗೆ ಇದಕ್ಕಿಂತ ಹೆಚ್ಚು ಗೊತ್ತು.

ಆದ್ರೆ ಆ ಮುಖದ ಮಾತು ಇನ್ನೊಮ್ಮೆ ಬರೀಬೇಡ. ಯಾರಾದ್ರೂ ಕೆಲಸದ ಬಗ್ಗೆ ಕೇಳಿದ್ರೆ "ಹುಡುಕ್ತಾ ಇದ್ದೇನೆ" ಅನ್ನು, ಅದರ ಮೇಲೆ ಕೇಳಿದ್ರೆ ನಾ ಮಾತಾಡ್ತೇನೆ. ಬಸ್ಸಿನ ಟಿಕೆಟ್ ಇವತ್ತೇ ಮಾಡು, ಚೌತಿ ಹತ್ರ ಬಂದ ಮೇಲೆ ಬೆಂಗ್ಳೂರಿಂದ ಸೀಟು ಸಿಗೋದಿಲ್ಲ. ದುಡ್ಡು ನಾ ಹಾಕ್ತೇನೆ, ಆಯಿಗೆ ಹೇಳ್ಬೇಡ.

ನಿನ್ನ ಅತ್ತೆ