ಈ ವಾರ 1935ರ ಗ್ರಾಂಡ್ ಪ್ರಿ ಸೀಸನ್
ಎಲ್ಲರಿಗೂ ನಮಸ್ಕಾರ. ಈ ವಾರ 1935ರ ಗ್ರಾಂಡ್ ಪ್ರಿ ಕಾರ್ ರೇಸ್‌ಗಳ ಸೀಸನ್ ಬಗ್ಗೆ ಮಾತಾಡೋಣ. ಯುರೋಪಿಯನ್ ಚಾಂಪಿಯನ್ ಆದವರು ಮರ್ಸಿಡಿಸ್‌ನ ಕರಾಚಿಯೋಲಾ, ಸರಿ. ಆದರೆ ನನಗೆ ಆ ವರ್ಷ ಅಂದರೆ ಜುಲೈ 28ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕ್‌ನಲ್ಲಿ ನಡೆದ ಜರ್ಮನ್ ಗ್ರಾಂಡ್ ಪ್ರಿ.

ಜರ್ಮನಿಯ ಮರ್ಸಿಡಿಸ್, ಆಟೋ ಯೂನಿಯನ್ ಕಾರುಗಳ ಎದುರು ಇಟಲಿಯ ತಾಜಿಯೋ ನುವೊಲಾರಿ ಓಡಿಸಿದ್ದು ಹಳೆಯ ಆಲ್ಫಾ ರೋಮಿಯೋ. ರೇಸ್ ನಡುವೆ ಕಾರು ನಿಲ್ಲಿಸಿ ಇಂಧನ ತುಂಬಿಸುವ ಪಿಟ್‌ನಲ್ಲಿ ಇಂಧನದ ಪಂಪು ಕೈಕೊಟ್ಟಿತು, ಕ್ಯಾನ್‌ಗಳಿಂದ ಸುರಿದು ತುಂಬಿಸುವಷ್ಟರಲ್ಲಿ ಎರಡು ನಿಮಿಷಕ್ಕೂ ಜಾಸ್ತಿ ಹೋಯಿತು, ಆದರೂ ಅವರು ಬಿಡಲಿಲ್ಲ, ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಾ ಬಂದರು. ಕೊನೆಯ ಸುತ್ತು. ಮುಂದಿದ್ದ ಮರ್ಸಿಡಿಸ್ ಚಾಲಕ ಫಾನ್ ಬ್ರೌಖಿಚ್ ಅವರ ಸವೆದ ಹಿಂದಿನ ಟೈರ್ ಸಿಡಿಯಿತು. ನುವೊಲಾರಿ ಗೆದ್ದರು! ಸುಮ್ನೆ ಅದೃಷ್ಟ ಅನ್ನಬೇಡಿ, ಬೆನ್ನಟ್ಟಿ ಆ ಟೈರ್ ಸವೆಸಿದ್ದು ಯಾರು, ಅವರೇ ಅಲ್ವಾ?

ಫೋಟೋ ಹಾಕುವವರು ವರ್ಷ, ಊರು ತಪ್ಪದೆ ಬರೆಯಿರಿ.