ಮಗುವಿನ ಬಗ್ಗೆ ಕೇಳಿದವರಿಗೆಲ್ಲ ಥ್ಯಾಂಕ್ಸ್

ಹೋದ ವಾರ ನನ್ನ ಸ್ತನ ಕ್ಯಾನ್ಸರಿನ ಕೀಮೋದ ಕೊನೆಯ ಡೋಸ್ ಮುಗಿಯಿತು. ಎದೆಯಲ್ಲಿದ್ದ ಗಂಟು ಕೈಗೆ ಸಿಗದಷ್ಟು ಕರಗಿದೆ. ಮಗಳು ಮಗುಚಿಕೊಳ್ಳುತ್ತಿದ್ದಾಳೆ. ವಾಪಸ್ ತಿರುಗಲು ಮಾತ್ರ ಬರಲ್ಲ, ಅದಕ್ಕೆ ಕಿರುಚುತ್ತಾಳೆ. ಎರಡೂ ಸುದ್ದಿ ಒಟ್ಟಿಗೇ ಹೇಳಬೇಕು ಅಂತ ಇಷ್ಟು ದಿನ ಸುಮ್ಮನಿದ್ದೆ.

ಇಷ್ಟು ತಿಂಗಳೂ ನಮ್ಮನ್ನು ನೋಡಿದವರಿಗೆ ಏನು ಹೇಳಬೇಕು ಅಂತಲೇ ತೋಚುತ್ತಿರಲಿಲ್ಲ. ಹೊಟ್ಟೆ ನೋಡಿ ನಗಬೇಕೋ, ಬೋಳು ತಲೆ ನೋಡಿ ಸಪ್ಪಗಾಗಬೇಕೋ? ಪಾಪ, ಅವರಾದರೂ ಏನು ಮಾಡುತ್ತಾರೆ. ಹೆಚ್ಚಿನವರು ದನಿ ಇಳಿಸಿ ಕಾಯಿಲೆ ವಿಚಾರಿಸಿ, ಮಗುವಿನ ಮಾತೇ ಎತ್ತದೆ ಹೋಗುತ್ತಿದ್ದರು. ಅದನ್ನು ಎತ್ತಿದವರೂ ಇದ್ದರು. ಈ ಬರಹ ಮುಖ್ಯವಾಗಿ ಅವರಿಗೆ.

ಗಂಟು ಕೈಗೆ ಸಿಕ್ಕಿದ್ದು ಐದನೇ ತಿಂಗಳಲ್ಲಿ. ಬಸುರಿನಲ್ಲಿ ಎದೆ ಗಟ್ಟಿಯಾಗುವುದು ಸಹಜ, ಅದೇ ಇರಬೇಕು ಅಂದರು ಮೊದಲು ನೋಡಿದವರು. ನಮ್ಮ ಹೆರಿಗೆ ಡಾಕ್ಟರ್ ಮಾತ್ರ ಅವತ್ತೇ ಸ್ಕ್ಯಾನಿಂಗ್‌ಗೆ ಚೀಟಿ ಬರೆದರು. ಆಮೇಲೆ ಬಯಾಪ್ಸಿ, ಆಮೇಲೆ ಗೊತ್ತಲ್ಲ.

ಬಸುರಿಗೂ ಕೀಮೋ ಕೊಡುತ್ತಾರೆ ಅನ್ನುವುದು ನಮಗೆ ಗೊತ್ತೇ ಇರಲಿಲ್ಲ. ಮಗುವಿನ ಅಂಗಗಳು ರೂಪುಗೊಳ್ಳುವ ಮೊದಲ 3 ತಿಂಗಳು ಕೊಡಬಾರದು. ಅದು ದಾಟಿದ ಮೇಲೆ ಕೆಲವು ಔಷಧಿ ಕೊಡಬಹುದು. ಇನ್ನು ಕೆಲವನ್ನು, ರೇಡಿಯೇಷನ್ನನ್ನೂ, ಹೆರಿಗೆ ಆಗುವ ತನಕ ಕಾಯಿಸುತ್ತಾರೆ. ಕ್ಯಾನ್ಸರ್ ಡಾಕ್ಟರ್ ಇದನ್ನೆಲ್ಲ ಕ್ಯಾಲೆಂಡರ್ ಮುಂದಿಟ್ಟುಕೊಂಡು ವಿವರಿಸಿದರು. ಹೆರಿಗೆ ಹೊತ್ತಿಗೆ ರಕ್ತಕಣಗಳು ಮತ್ತೆ ಏರಿರಬೇಕು, ಹಾಗಾಗಿ ಸುಮಾರು 3 ವಾರ ಮೊದಲೇ ಕೀಮೋ ನಿಲ್ಲಿಸಬೇಕು ಅಂತ ಮೊದಲು ಹೆರಿಗೆ ದಿನಕ್ಕೆ ಸುತ್ತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಂದರು. ಓ, ಇವರು ಮಗು ಬಂದೇ ಬರುತ್ತೆ ಅಂತ ಲೆಕ್ಕ ಹಾಕುತ್ತಿದ್ದಾರೆ ಅನ್ನಿಸಿತು. ನನಗೆ ಧೈರ್ಯ ಬಂದಿದ್ದು ಅಲ್ಲಿ.

ಆಸ್ಪತ್ರೆಯಲ್ಲಿ ಕೀಮೋ ಕೊಡುವ ಡೇ ಕೇರ್‌ನ ಸಿಸ್ಟರ್‌ಗಳಿಗೆ ಎಷ್ಟು ಹೇಳಿದರೂ ಕಡಿಮೆಯೇ. ಮೊದಲ ಸುತ್ತಿನ ಔಷಧಿಗಳಲ್ಲಿ ಡಾಕ್ಸೊರುಬಿಸಿನ್ ಅಂತ ಒಂದಿತ್ತು, ಕಡು ಕೆಂಪು ಬಣ್ಣದ್ದು. ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವೇ ಕೆಟ್ಟುಹೋಗುತ್ತೆ. ಅದಕ್ಕೇ ಸಿಸ್ಟರ್ ಪಕ್ಕದಲ್ಲೇ ಕೂತು, ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ತಳ್ಳುತ್ತಿದ್ದರು. ನಡುನಡುವೆ ಹಿಂದಕ್ಕೆಳೆದು ರಕ್ತ ಬರುತ್ತಿದೆಯಾ ಅಂತ ನೋಡುತ್ತಿದ್ದರು. ಅಷ್ಟು ಹೊತ್ತೂ ಮಗುವಿಗೆ ಏನು ಹೆಸರಿಡಬೇಕು ಅನ್ನುವುದೇ ಮಾತು. ಪಕ್ಕದ ಕುರ್ಚಿಯಲ್ಲಿ ಡ್ರಿಪ್ ಹಾಕಿಸಿಕೊಂಡು ಕೂತಿದ್ದ ಅಜ್ಜ ಒಬ್ಬರು ಪ್ರತಿ ಹೆಸರಿಗೂ "ಚೆನ್ನಾಗಿಲ್ಲ" ಅನ್ನುತ್ತಿದ್ದರು. ಕೊನೆಗೆ ನಾವು ಇಟ್ಟ ಹೆಸರೂ ಅವರಿಗೆ ಹಿಡಿಸಿಲ್ಲ!

ಹೆರಿಗೆ ಆದ ದಿನ ಗೆಳತಿ ಫೋನ್ ಮಾಡಿ ಮೊದಲು ಕೇಳಿದ್ದು "ಮೂಗು ಯಾರದು?" ಅಂತ. ಅವಳಿಗೆ ಎಲ್ಲ ಗೊತ್ತಿತ್ತು. ಮಾಸು ಸಹ ಲ್ಯಾಬಿಗೆ ಹೋಗಿದೆ, ಮಗುವಿನ ಕಡೆಗೇನಾದರೂ ಹರಡಿದೆಯಾ ನೋಡುತ್ತಾರೆ, ರಿಪೋರ್ಟ್ ಇನ್ನೂ ಬಂದಿಲ್ಲ ಅಂತಾನೂ ಗೊತ್ತಿತ್ತು. ಆದರೂ ಮೂಗಿನ ಬಗ್ಗೆಯೇ ಮಾತಾಡಿದಳು. ಆಮೇಲೆ ರಿಪೋರ್ಟ್ ಬಂತು, ಏನೂ ಇರಲಿಲ್ಲ. ಮೂಗು ಅವರಪ್ಪನದೇ.

ಮುಖವನ್ನೇ ನೋಡದ ಕೆಲವರಿಗೂ ಥ್ಯಾಂಕ್ಸ್ ಹೇಳಬೇಕು. ಹೆರಿಗೆ ಆಗಿ ಸ್ವಲ್ಪ ದಿನಕ್ಕೇ ಮತ್ತೆ ಕೀಮೋ ಶುರುವಾಯಿತು. ಔಷಧಿ ಹಾಲಿಗೂ ಇಳಿಯುತ್ತೆ, ಕುಡಿಸುವ ಹಾಗಿಲ್ಲ. ಹಾಲು ನಿಲ್ಲಲು ಮಾತ್ರೆ ಕೊಟ್ಟರು. ಮಗು ಅತ್ತಾಗ ಎದೆ ಬಿಗಿಯುತ್ತಿತ್ತು. ಅದರ ಬಗ್ಗೆ ಈಗ ಬರೆಯಲು ಆಗಲ್ಲ, ಬಿಡಿ. ಮೊದಲ ದಿನಗಳಲ್ಲಿ ಮಗಳು ಕುಡಿದದ್ದು ಮಿಲ್ಕ್ ಬ್ಯಾಂಕಿನ ಹಾಲು, ಬೇರೆ ತಾಯಂದಿರು ಹಿಂಡಿ ಕೊಟ್ಟದ್ದು. ಕೊಡುವವರ ರಕ್ತ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿ ಮಾಡಿ, ಫ್ರೀಜ್ ಮಾಡಿ ಇಡುತ್ತಾರೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಮೊದಲ ಪಾಲು, ಉಳಿದದ್ದರಲ್ಲಿ ನಮಗೂ ಸಿಕ್ಕಿತು. ಬಾಟಲಿ ಮೇಲೆ ಒಂದು ನಂಬರ್, ಒಂದು ತಾರೀಖು, ಅಷ್ಟೇ. ಹಿಂಡಿದವರ ಮಡಿಲಲ್ಲೂ ಎಳೆ ಮಗು ಇತ್ತಲ್ವಾ? ಅವರಿಗೂ ನಿದ್ದೆ ಇರಲಿಲ್ಲ ತಾನೇ? ನೀವು ಯಾರೋ ಗೊತ್ತಿಲ್ಲ ಅಕ್ಕಂದಿರಾ, ನಿಮ್ಮ ಹಾಲು ಕುಡಿದವಳು ಚೆನ್ನಾಗಿದ್ದಾಳೆ.

ಮನೆಯವರ ಬಗ್ಗೆ ಜಾಸ್ತಿ ಬರೆಯಲ್ಲ, ಅವರಿಗೆ ಮುಜುಗರ. ಅಮ್ಮ ನನ್ನನ್ನು ನೋಡಿಕೊಂಡರು, ಅತ್ತೆ ಮಗುವನ್ನು. ಮಗುವಿಗೆ ರೋಟಾವೈರಸ್ ಲಸಿಕೆ ಹಾಕಿಸಿದ ಮೇಲೆ ಡೈಪರ್ ಮುಟ್ಟಬೇಡಿ ಅಂತ ನನಗೆ ಹೇಳಿದ್ದರು. ಲಸಿಕೆಯಲ್ಲಿ ಜೀವಂತ ವೈರಸ್ ಇರುತ್ತೆ, ಅದು ಮಗುವಿನ ಮಲದಲ್ಲೂ ಬರಬಹುದು, ನನಗೋ ರೋಗ ತಡೆಯುವ ಶಕ್ತಿ ಕಡಿಮೆ. ಗಂಡ ಅದನ್ನೇ ನೆಪ ಮಾಡಿಕೊಂಡು ಇವತ್ತಿಗೂ ಡೈಪರ್ ನನ್ನ ಕೈಗೆ ಕೊಡಲ್ಲ. ನಾನೇನೂ ಜಗಳ ಮಾಡಿಲ್ಲ! ನೆಗಡಿ ಇದ್ದವರನ್ನು ಅತ್ತೆ ಬಾಗಿಲಲ್ಲೇ ತಡೆಯುತ್ತಿದ್ದರು, ಸ್ವಂತ ತಮ್ಮನನ್ನೂ ಬಿಡಲಿಲ್ಲ. ಬೇಸರ ಮಾಡಿಕೊಳ್ಳದೆ ಕಿಟಕಿಯಿಂದಲೇ ಮಗು ನೋಡಿ ಹೋದಿರಲ್ಲ, ನಿಮಗೂ ಥ್ಯಾಂಕ್ಸ್.

ಇನ್ನು ಆಪರೇಷನ್ ಇದೆ, ರೇಡಿಯೇಷನ್ ಇದೆ. ಇನ್ನೊಂದು ಇಂಜೆಕ್ಷನ್ ಮೂರು ವಾರಕ್ಕೊಮ್ಮೆ, ಒಂದು ವರ್ಷ ತುಂಬುವ ತನಕ. ಪೂರ್ತಿ ಗುಣವಾಯಿತು ಅಂತ ಡಾಕ್ಟರ್ ಇನ್ನೂ ಹೇಳಿಲ್ಲ, ಹಾಗಾಗಿ ನಾವೂ ಹೇಳುತ್ತಿಲ್ಲ. ನಿಮ್ಮ ಮೆಸೇಜ್‌ಗಳಿಗೆ ಒಂದೊಂದಾಗಿ ಉತ್ತರ ಬರೆಯುತ್ತೇನೆ, ಸ್ವಲ್ಪ ಟೈಮ್ ಕೊಡಿ. ಮಗಳ ಫೋಟೋ ಕೇಳಿದವರಿಗೆ ಮೊದಲು.