ಕರೆಂಟ್ ಕೊಡಿಸಿದ್ದರೆ ಸಿ.ಟಿ. ಚೀಟಿಯಲ್ಲಿ ಬರೆಯಿರಿ

ಮಾನ್ಯ ಸಂಪಾದಕರೇ,

ನಾನು ಹಾಸನದ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಸಿ.ಟಿ. ಟೆಕ್ನಿಷಿಯನ್. ನನ್ನ ಕೈಗೆ ಬರುವ ಎಷ್ಟೋ ಚೀಟಿಗಳಲ್ಲಿ ‘ಕೆಮ್ಮು, ಟಿ.ಬಿ. ಇದೆಯಾ ನೋಡಿ’ ಅಂತ ಇರುತ್ತದೆ, ಅಷ್ಟೇ. ಈಚೆಗೆ ಅರಕಲಗೂಡು ಕಡೆಯ ಹೆಂಗಸೊಬ್ಬರು ಇಂಥದ್ದೇ ಚೀಟಿ ಹಿಡಿದು ಬಂದರು. ಆಂಟಿಬಯಾಟಿಕ್ ಮುಗಿಸಿದ್ದರೂ ಒಣಕೆಮ್ಮು ನಿಂತಿರಲಿಲ್ಲ. ಕಫದ ಪರೀಕ್ಷೆಯಲ್ಲಿ ಟಿ.ಬಿ. ಸಿಕ್ಕಿರಲಿಲ್ಲ. ಗೌನ್ ಹಾಕಿಸುವಾಗ ಅವರ ಎದೆಯ ನಡುವೆ ಒಂದು ಚಿಕ್ಕ ನೀಲಿ ಚುಕ್ಕೆ ಕಂಡಿತು. ರೇಡಿಯೋಥೆರಪಿಗೆ, ಅಂದರೆ ಜನ ‘ಕರೆಂಟ್’ ಅನ್ನುವ ಕಿರಣ ಚಿಕಿತ್ಸೆಗೆ, ಗುರುತಾಗಿ ಹಾಕುವ ಹಚ್ಚೆ ಅದು. ವಿಚಾರಿಸಿದ ಮೇಲೆ ಹೇಳಿದರು: ಬಲ ಸ್ತನದ ಕ್ಯಾನ್ಸರ್, ಆಪರೇಷನ್, ಆಮೇಲೆ ಕರೆಂಟ್. ಅದು ಮುಗಿದು ಮೂರು ತಿಂಗಳು. ‘ಅದು ವಾಸಿ ಆಯ್ತಲ್ಲಮ್ಮ, ಕೆಮ್ಮಿಗೂ ಅದಕ್ಕೂ ಏನು ಸಂಬಂಧ?’

ಸಂಬಂಧ ಇದೆ. ಕಿರಣವನ್ನು ಎದೆಗೆ ಓರೆಯಾಗಿ ಬಿಟ್ಟರೂ ಪಕ್ಕೆಲುಬಿನ ಹಿಂದಿರುವ ಶ್ವಾಸಕೋಶದ ಒಂದು ಪಟ್ಟಿಗೆ ಅದು ತಾಗುತ್ತದೆ. ಕೊರಳೆಲುಬಿನ ಹತ್ತಿರದ ಗಂಟುಗಳಿಗೂ (ಲಿಂಫ್ ನೋಡ್) ಕೊಟ್ಟಿದ್ದರೆ ಶ್ವಾಸಕೋಶದ ತುದಿಗೂ ತಾಗುತ್ತದೆ. ಕರೆಂಟ್ ಮುಗಿದ ಮೇಲೆ ಕೆಲವು ವಾರಗಳಿಂದ ಆರು ತಿಂಗಳೊಳಗೆ ಅಲ್ಲಿ ಉರಿಯೂತ ಬರಬಹುದು. ಬಹಳ ಜನರಿಗೆ ಅದು ಗೊತ್ತೇ ಆಗುವುದಿಲ್ಲ. ಕೆಲವರಿಗೆ ಮಾತ್ರ ಒಣಕೆಮ್ಮು, ಏದುಸಿರು, ಸಣ್ಣ ಜ್ವರ. ಟಿ.ಬಿ.ಗೂ ಶ್ವಾಸಕೋಶದ ಮೇಲ್ತುದಿಯೇ ಇಷ್ಟ. ಹಾಗಾಗಿ ಎಕ್ಸ್‌ರೇಯಲ್ಲಿ ಅಲ್ಲಿ ಬಿಳಿ ಕಂಡರೆ ನಮ್ಮ ಕಡೆ ಮೊದಲು ಬರುವ ಅನುಮಾನ ಅದೇ.

ಸಿ.ಟಿ.ಯಲ್ಲಿ ವ್ಯತ್ಯಾಸ ತಿಳಿಯುತ್ತದೆ. ಸೋಂಕು ಹೀಗೇ ಹರಡಬೇಕು ಅಂತ ಇಲ್ಲ. ಆದರೆ ಕಿರಣದಿಂದಾದ ಮಬ್ಬು ಸಾಮಾನ್ಯವಾಗಿ ಕಿರಣ ಹೋದ ದಾರಿಯಲ್ಲೇ ಇರುತ್ತದೆ. ಅದರ ಅಂಚು ಎಷ್ಟೋ ಸಲ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರ. ಆದರೆ ಕರೆಂಟ್ ಕೊಟ್ಟಿದ್ದು ಯಾವ ಕಡೆಗೆ, ಯಾವಾಗ ಅಂತ ರೇಡಿಯಾಲಜಿಸ್ಟ್‌ಗೆ ಗೊತ್ತಿರಬೇಕು, ಅಲ್ವಾ? ಸಿ.ಟಿ. ಒಂದರಿಂದಲೇ ಎಲ್ಲ ತೀರ್ಮಾನ ಆಗುವುದಿಲ್ಲ ನಿಜ. ಕಿರಣದಿಂದಾದ ಉರಿಯೂತ ತೊಂದರೆ ಕೊಡುತ್ತಿದ್ದರೆ ಸಾಮಾನ್ಯವಾಗಿ ಕೊಡುವುದು ಸ್ಟೀರಾಯ್ಡ್. ಒಳಗೆ ಟಿ.ಬಿ. ಇದ್ದರೆ ಅದೇ ಅಪಾಯ. ಆದ್ದರಿಂದ ಸೋಂಕಿನ ಪರೀಕ್ಷೆ ಬಿಡುವಂತಿಲ್ಲ. ಸ್ಟೀರಾಯ್ಡ್ ಶುರುವಾದ ಮೇಲೆ ಕೆಮ್ಮು ಕಡಿಮೆ ಆಯ್ತು ಅಂತ ಸುಮ್ನೆ ನಿಲ್ಲಿಸಲೂಬಾರದು. ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು.

ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ನನ್ನದೊಂದು ಕೋರಿಕೆ. ಕರೆಂಟ್ ಶುರು ಮಾಡುವ ಮುಂಚೆ ಪ್ಲಾನಿಂಗ್‌ಗೆಂದು ಸಿ.ಟಿ. ತೆಗೆಯುತ್ತೀರಿ. ಅದರಲ್ಲಿ ಶ್ವಾಸಕೋಶವೂ ಇರುತ್ತದೆ. ಮನೆಗೆ ಕಳಿಸುವಾಗ ಅದನ್ನು ಸಿ.ಡಿ.ಗೆ ಹಾಕಿಕೊಡಿ. ಜೊತೆಗೆ ಯಾವ ಭಾಗ, ಎಷ್ಟು ಡೋಸ್, ಮುಗಿದ ತಾರೀಖು ಯಾವುದು ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ. ಮುಂಚಿನ ಚಿತ್ರ ಪಕ್ಕದಲ್ಲಿದ್ದರೆ ಹೊಸ ಮಬ್ಬು ಯಾವುದು, ಹಳೆಯ ಕಲೆ ಯಾವುದು ಅಂತ ಹೇಳುವುದು ಎಷ್ಟೋ ಸುಲಭ. ಎಲ್ಲರಿಗೂ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಅಂತ ನಾನು ಹೇಳುತ್ತಿಲ್ಲ. ತೊಂದರೆ ಇಲ್ಲದವರಿಗೆ ಅದು ಬೇಕಾಗಿಲ್ಲ, ಖರ್ಚೂ ಜಾಸ್ತಿ.

ಅಕ್ಕಂದಿರೇ, ನೀವೂ ಮುಚ್ಚಿಡಬೇಡಿ. ಸ್ಕ್ಯಾನ್ ರೂಮಿನಲ್ಲಿ ಹುಡುಗರಿದ್ದಾರೆ ಅಂತ ಸಂಕೋಚವಾದರೆ, ಚೀಟಿಯ ಹಿಂದೆ ‘ಬಲ (ಅಥವಾ ಎಡ) ಸ್ತನಕ್ಕೆ ಕರೆಂಟ್ ಕೊಡಿಸಿದೆ’ ಅಂತ ಬರೆದು, ತಿಂಗಳು ಹಾಕಿ ಕೊಡಿ. ನಮಗೆ ಅಷ್ಟು ಸಾಕು.

– ಸಿ.ಟಿ. ಟೆಕ್ನಿಷಿಯನ್, ಹಾಸನ